ಲೈವ್ ಮಾಡುವವರಿಗೆ ಮೈಕ್: ಆರಿಸುವುದು, ಇಡುವುದು, ಹೊಂದಿಸುವುದು

ಒಂದು ಸಲ ಒಂದೂವರೆ ಗಂಟೆ ಲೈವ್ ಮಾಡಿದ್ದೆ. ಮೈಕ್ ಹೊಸದು, ಬಾಯಿಯ ಮುಂದೆಯೇ ಸ್ಟ್ಯಾಂಡ್ ಮೇಲೆ ಇತ್ತು, ಅದರ ದೀಪವೂ ಉರಿಯುತ್ತಿತ್ತು. ಮುಗಿದ ಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದರೆ ನನ್ನ ಮಾತು ಪಕ್ಕದ ಕೋಣೆಯಿಂದ ಬಂದ ಹಾಗಿತ್ತು. ನೋಡಿದರೆ ಲೈವ್ ಕಳಿಸುವ ಸಾಫ್ಟ್‌ವೇರ್ ಆದ ಒಬಿಎಸ್‌ನಲ್ಲಿ ಆಯ್ಕೆಯಾಗಿದ್ದದ್ದು ಲ್ಯಾಪ್‌ಟಾಪ್‌ನ ಒಳಗಿನ ಮೈಕ್. ಮೊದಲ ಐದು ನಿಮಿಷದಲ್ಲೇ ಇಬ್ಬರು "ಸೌಂಡ್ ದೂರ ಇದೆ" ಎಂದು ಚಾಟ್‌ನಲ್ಲಿ ಬರೆದಿದ್ದರು. ಮಾತಿನ ಭರದಲ್ಲಿ ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತುಂಬಾ ಬೇಜಾರಾಯಿತು. ಮರುದಿನ ಕುತೂಹಲಕ್ಕೆ ಅದೇ ಲ್ಯಾಪ್‌ಟಾಪ್ ಮೈಕ್‌ಗೆ ಬಾಯಿ ಹತ್ತಿರ ತಂದು ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿದೆ. ಹಿಂದಿನ ದಿನಕ್ಕಿಂತ ಎಷ್ಟೋ ವಾಸಿ ಇತ್ತು. ಮೈಕ್ ಅದೇ, ಕೋಣೆ ಅದೇ, ಬದಲಾದದ್ದು ದೂರ ಮಾತ್ರ. ಆಮೇಲೆ ಎಷ್ಟು ಮೈಕ್ ಮುಟ್ಟಿದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಲೈವ್‌ನ ದನಿಯಲ್ಲಿ ಮುಕ್ಕಾಲು ಪಾಲು ನಿರ್ಧಾರವಾಗುವುದು ಬಾಯಿಗೂ ಮೈಕ್‌ಗೂ ಎಷ್ಟು ದೂರ ಮತ್ತು ಸುತ್ತಲಿನ ಕೋಣೆ ಹೇಗಿದೆ ಎಂಬುದರ ಮೇಲೆ. ಮೈಕ್‌ನ ಹೆಸರು ಅದರ ನಂತರ ಬರುತ್ತದೆ. ಅದಕ್ಕೇ ಕೊಳ್ಳುವುದಕ್ಕೂ ಮೊದಲು ಮಾಡಬೇಕಾದ ಕೆಲಸದಿಂದ ಶುರು ಮಾಡುತ್ತೇನೆ.

ಮೊದಲು ಕೋಣೆಯನ್ನು ಕೇಳಿ

ನೀವು ಲೈವ್ ಮಾಡುವ ಜಾಗದಲ್ಲಿ ಕೂತುಕೊಳ್ಳಿ. ಮೈಕ್ ಎಲ್ಲಿ ಬರುತ್ತದೋ ಅಲ್ಲಿ ಫೋನ್ ಇಟ್ಟು ರೆಕಾರ್ಡ್ ಹಚ್ಚಿ. ಮೊದಲ ಅರ್ಧ ನಿಮಿಷ ಏನೂ ಮಾತಾಡಬೇಡಿ. ಆಮೇಲೆ ಒಂದು ಸಲ ಜೋರಾಗಿ ಚಪ್ಪಾಳೆ ತಟ್ಟಿ, ನಂತರ ಅರ್ಧ ನಿಮಿಷ ಲೈವ್‌ನಲ್ಲಿ ಮಾತಾಡುವ ಹಾಗೇ ಮಾತಾಡಿ. ಇಯರ್‌ಫೋನ್ ಹಾಕಿಕೊಂಡು ಕೇಳಿ.

ಆ ಮೌನದ ಅರ್ಧ ನಿಮಿಷದಲ್ಲಿ ನಿಮಗೆ ಇಷ್ಟು ದಿನ ಕೇಳಿಸದೇ ಇದ್ದದ್ದೆಲ್ಲಾ ಕೇಳಿಸುತ್ತದೆ. ಫ್ಯಾನ್, ಕಂಪ್ಯೂಟರ್‌ನ ಒಳಗಿನ ಫ್ಯಾನ್, ಆಚೆ ಕೋಣೆಯ ಫ್ರಿಜ್, ಕಿಟಕಿಯಾಚೆಯ ಗಾಡಿಗಳು. ನಮ್ಮ ಕಿವಿ ಇವನ್ನು ರೂಢಿಯಿಂದ ಬದಿಗೆ ಸರಿಸಿಬಿಡುತ್ತದೆ, ಮೈಕ್‌ಗೆ ಆ ರೂಢಿ ಇಲ್ಲ. ಯಾವುದನ್ನು ಆಫ್ ಮಾಡಬಹುದೋ ಅದನ್ನು ಲೈವ್ ಮುಗಿಯುವವರೆಗೆ ಆಫ್ ಮಾಡಿ, ಯಾವುದನ್ನು ದೂರ ಇಡಬಹುದೋ ದೂರ ಇಡಿ. ಗಾಳಿ ನೇರವಾಗಿ ಮೈಕ್ ಮೇಲೆ ಬೀಸುತ್ತಿದ್ದರೆ ಯಾವ ಮೈಕ್ ತಂದರೂ ಪ್ರಯೋಜನವಿಲ್ಲ.

ಚಪ್ಪಾಳೆಯ ನಂತರ 'ಝಣ್' ಎಂಬ ಬಾಲ ಉಳಿಯಿತಾ ನೋಡಿ. ಉಳಿದರೆ ಗೋಡೆ, ನೆಲ, ಕಿಟಕಿ ಗಾಜು, ಖಾಲಿ ಮೇಜು ಇವು ದನಿಯನ್ನು ಹಿಂದಕ್ಕೆ ಎಸೆಯುತ್ತಿವೆ ಅಂತ ಅರ್ಥ. ಇದಕ್ಕೆ ಮೆತ್ತಗಿನ ದಪ್ಪ ವಸ್ತುಗಳೇ ಮದ್ದು. ದಪ್ಪ ಪರದೆ, ನೆಲಕ್ಕೆ ಜಮಖಾನ, ಹಾಸಿಗೆ, ಕಂಬಳಿ, ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದಿಡುವುದು, ಪುಸ್ತಕ ತುಂಬಿದ ಶೆಲ್ಫು. ಜಾಸ್ತಿ ಜನ ತಮ್ಮ ಮುಂದಿನ ಗೋಡೆಯನ್ನು ಮರೆಯುತ್ತಾರೆ. ನಿಮ್ಮ ಮಾತು ಮೊದಲು ಹೋಗಿ ಬಡಿಯುವುದು ಎದುರಿನ ಗೋಡೆಗೆ. ಇನ್ನು ಮೈಕ್‌ನ ಮುಖ ನಿಮ್ಮ ಕಡೆ ಇರುವುದರಿಂದ ಅದು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನೂ ಕೇಳುತ್ತಿರುತ್ತದೆ. ಆ ಎರಡು ಕಡೆ ಒಂದೊಂದು ಕಂಬಳಿ ಬಿಟ್ಟರೂ ವ್ಯತ್ಯಾಸ ಗೊತ್ತಾಗುತ್ತದೆ.

ಗೋಡೆಗೆ ಅಂಟಿಸುವ ತೆಳುವಾದ ಫೋಮ್ ಬಗ್ಗೆ ಒಂದು ಮಾತು. ಅದು ಕೋಣೆಯೊಳಗಿನ ಚೂಪು ಪ್ರತಿಧ್ವನಿಯನ್ನು ಸ್ವಲ್ಪ ತಗ್ಗಿಸಬಲ್ಲದು. ಹೊರಗಿನ ಸದ್ದನ್ನು ತಡೆಯುವುದಿಲ್ಲ. ಅದಕ್ಕೆ ಭಾರವಾದ ಗೋಡೆ, ಸಂದಿಯಿಲ್ಲದ ಬಾಗಿಲು ಬೇಕು. ಹೊರಗಿನ ಗಲಾಟೆಗೆ ಅಂತ ಫೋಮ್ ತಂದು ಅಂಟಿಸಿ ನಿರಾಶರಾದವರನ್ನು ತುಂಬಾ ಜನ ನೋಡಿದ್ದೇನೆ.

ಯಾವ ಬಗೆಯ ಮೈಕ್

ಇಲ್ಲಿ ಮೊದಲ ಪ್ರಶ್ನೆ ನೀವು ಹೇಗೆ ಇರುತ್ತೀರಿ ಅನ್ನೋದು. ಒಂದೇ ಕಡೆ ಕೂತು ಮಾತಾಡುತ್ತೀರಾ? ಎದ್ದು ಓಡಾಡಿ ಏನನ್ನೋ ತೋರಿಸುತ್ತೀರಾ? ಹಾಡುತ್ತೀರಾ? ಪಕ್ಕದಲ್ಲಿ ಇನ್ನೊಬ್ಬರು ಇರುತ್ತಾರಾ?

ಓಡಾಡುವವರಿಗೆ ಬಟ್ಟೆಗೆ ಸಿಕ್ಕಿಸುವ ಕಾಲರ್ ಮೈಕ್ ಸರಿ. ಅದು ನಿಮ್ಮ ಜೊತೆಗೇ ಬರುತ್ತದೆ, ಹಾಗಾಗಿ ದೂರ ಬದಲಾಗುವುದಿಲ್ಲ. ವೈರ್‌ಲೆಸ್ ಆದರೆ ಇನ್ನೂ ಅನುಕೂಲ. ಆದರೆ ಇಂಥವುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ, ವೈಫೈ ಕೂಡ ಅಲ್ಲೇ ಇರುತ್ತದೆ. ಅದಕ್ಕೇ ರಿಸೀವರ್ ಅನ್ನು ವೈಫೈ ರೌಟರ್‌ನಿಂದ ದೂರ ಇಡಿ, ನಿಮಗೂ ರಿಸೀವರ್‌ಗೂ ನಡುವೆ ಅಡ್ಡ ಏನೂ ಇಲ್ಲದ ಹಾಗೆ ನೋಡಿಕೊಳ್ಳಿ. ಕೂದಲು, ಸರ, ಶಾಲು ಮೈಕ್‌ಗೆ ಉಜ್ಜದಿರಲಿ.

ಕೂತು ಮಾತಾಡುವವರ ಮುಂದೆ ಎರಡು ದಾರಿ: ಡೈನಮಿಕ್ ಅಥವಾ ಕಂಡೆನ್ಸರ್. ಡೈನಮಿಕ್‌ನಲ್ಲಿ ದನಿಯ ಒತ್ತಡಕ್ಕೆ ಪುಟ್ಟ ತಂತಿಸುರುಳಿಯೊಂದು ಅಯಸ್ಕಾಂತದ ನಡುವೆ ಅಲುಗಿ ವಿದ್ಯುತ್ ಹುಟ್ಟುತ್ತದೆ. ಗಟ್ಟಿಮುಟ್ಟು, ಅದಕ್ಕೇ ವೇದಿಕೆಗಳಲ್ಲಿ ಇದೇ ಜಾಸ್ತಿ. ಶೂರ್ ಕಂಪನಿಯ ಎಸ್ಎಂ58 ಮಾದರಿ 1966ರಿಂದ ಇವತ್ತಿನವರೆಗೂ ನಡೆಯುತ್ತಿದೆ ಅಂದರೆ ಊಹಿಸಿ. ಕಂಡೆನ್ಸರ್‌ನಲ್ಲಿ ತೆಳ್ಳನೆಯ ಪೊರೆಯೊಂದು ಲೋಹದ ತಟ್ಟೆಯ ಪಕ್ಕದಲ್ಲಿ ಅಲುಗುತ್ತದೆ. ಪೊರೆ ಹಗುರ, ಆದ್ದರಿಂದ ಸಣ್ಣ ಸದ್ದನ್ನೂ ಹಿಡಿಯುತ್ತದೆ, ದನಿ ತಿಳಿಯಾಗಿ ಬರುತ್ತದೆ. ಇದಕ್ಕೆ ಹೊರಗಿನಿಂದ ಕರೆಂಟು ಬೇಕು.

"ಡೈನಮಿಕ್ ಮೈಕ್ ಸುತ್ತಲಿನ ಸದ್ದನ್ನು ತೆಗೆದುಕೊಳ್ಳುವುದಿಲ್ಲ" ಎಂದು ಎಲ್ಲರೂ ಹೇಳುತ್ತಾರೆ. ಅರ್ಧ ಸತ್ಯ. ಡೈನಮಿಕ್‌ನ ಸೂಕ್ಷ್ಮತೆ ಕಮ್ಮಿ, ಆದ್ದರಿಂದ ನೀವು ಬಾಯಿ ಹತ್ತಿರ ತರಲೇಬೇಕಾಗುತ್ತದೆ. ಬಾಯಿ ಹತ್ತಿರ ಬಂದಾಗ ನಿಮ್ಮ ದನಿ ಜೋರಾಗುತ್ತದೆ, ಕೋಣೆಯ ಸದ್ದು ಹಿಂದೆ ಬೀಳುತ್ತದೆ. ಅಂದರೆ ಇಲ್ಲೂ ಕೆಲಸ ಮಾಡಿದ್ದು ದೂರವೇ. ಕಂಡೆನ್ಸರ್‌ಗೂ ಹಾಗೇ ಹತ್ತಿರ ಬಂದು ಗೇನ್ (ಮೈಕ್‌ನ ಸಿಗ್ನಲ್ ಅನ್ನು ಹಿಗ್ಗಿಸುವ ಮಟ್ಟ) ಇಳಿಸಿದರೆ ಹೆಚ್ಚೂಕಮ್ಮಿ ಅದೇ ಫಲ ಸಿಗುತ್ತದೆ. ಆದರೂ ಪ್ರತಿಧ್ವನಿಯಿರುವ ಸಾಮಾನ್ಯ ಕೋಣೆಯಲ್ಲಿ, ಮೊದಲ ಸಲ ಕೊಳ್ಳುವವರಿಗೆ ನಾನು ಡೈನಮಿಕ್ ಅನ್ನೇ ಹೇಳುತ್ತೇನೆ. ಅದು ಒಳ್ಳೆಯ ಅಭ್ಯಾಸವನ್ನು ತಾನೇ ಕಲಿಸುತ್ತದೆ. ಕೋಣೆ ಚೆನ್ನಾಗಿದ್ದು, ಹಾಡು ಅಥವಾ ವಾದ್ಯ ಇದ್ದರೆ ಕಂಡೆನ್ಸರ್ ತಗೊಳ್ಳಿ.

ಮೈಕ್ ಯಾವ ದಿಕ್ಕಿನಿಂದ ಕೇಳಿಸಿಕೊಳ್ಳುತ್ತದೆ ಎಂಬುದನ್ನೂ ನೋಡಿ. ಒಬ್ಬರೇ ಮಾತಾಡುವವರಿಗೆ ಕಾರ್ಡಿಯಾಯ್ಡ್ ಸಾಕು. ಮುಂದಿನದನ್ನು ಚೆನ್ನಾಗಿ ಕೇಳುತ್ತದೆ, ನೇರ ಹಿಂದಿನದಕ್ಕೆ ಹೆಚ್ಚೂಕಮ್ಮಿ ಕಿವುಡು. ಸೂಪರ್‌ಕಾರ್ಡಿಯಾಯ್ಡ್ ಇನ್ನೂ ಕಿರಿದು, ಆದರೆ ಅದು ನೇರ ಹಿಂದಿನಿಂದ ಸ್ವಲ್ಪ ಕೇಳಿಸಿಕೊಳ್ಳುತ್ತದೆ. ಅದರ ಕಿವುಡು ಜಾಗ ಸುಮಾರು 126 ಡಿಗ್ರಿಯಲ್ಲಿ, ಅಂದರೆ ಹಿಂದಿನ ಎರಡು ಮೂಲೆಗಳಲ್ಲಿ ಇದೆ. ಈ ವಿಷಯ ಕೀಬೋರ್ಡ್ ಎಲ್ಲಿಡಬೇಕು ಅನ್ನುವಾಗ ಕೆಲಸಕ್ಕೆ ಬರುತ್ತದೆ.

ಯುಎಸ್‌ಬಿಯೋ ಎಕ್ಸ್ಎಲ್ಆರೋ

ಯುಎಸ್‌ಬಿ ಮೈಕ್ ಅಂದರೆ ಒಂದೇ ಕೇಬಲ್. ಸಿಕ್ಕಿಸಿದರೆ ಆಯಿತು. ಎಕ್ಸ್ಎಲ್ಆರ್ ಅಂದರೆ ಮೂರು ಪಿನ್ನಿನ ದಪ್ಪ ಕೇಬಲ್, ಜೊತೆಗೆ ಮೈಕ್‌ನ ಸಿಗ್ನಲ್ ಅನ್ನು ಹಿಗ್ಗಿಸಿ ಕಂಪ್ಯೂಟರ್‌ಗೆ ಕೊಡುವ ಆಡಿಯೋ ಇಂಟರ್‌ಫೇಸ್ ಎಂಬ ಪೆಟ್ಟಿಗೆಯೂ ಬೇಕು. ಎರಡೂ ಇರುವ ಮೈಕ್‌ಗಳು ಸಿಗುತ್ತವೆ. ಸ್ಯಾಮ್ಸನ್ ಕ್ಯೂ2ಯು, ಆಡಿಯೋ-ಟೆಕ್ನಿಕಾ ಎಟಿಆರ್2100ಎಕ್ಸ್, ಶೂರ್ ಎಂವಿ7 ಇವೆಲ್ಲ ಆ ಬಗೆಯವು, ಎಲ್ಲವೂ ಡೈನಮಿಕ್. ಶುರು ಮಾಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಇವತ್ತು ಯುಎಸ್‌ಬಿಯಲ್ಲಿ ನಡೆಸಿ, ಮುಂದೆ ಬೇಕೆನಿಸಿದರೆ ಇಂಟರ್‌ಫೇಸ್ ತಂದು ಅದೇ ಮೈಕ್ ಇಟ್ಟುಕೊಳ್ಳಬಹುದು.

ಇಬ್ಬರು ಒಟ್ಟಿಗೆ ಕೂತು ಮಾತಾಡುವುದಿದ್ದರೆ ಎರಡು ಯುಎಸ್‌ಬಿ ಮೈಕ್ ತರಬೇಡಿ. ಒಂದೇ ಕಂಪ್ಯೂಟರ್‌ನಲ್ಲಿ ಎರಡನ್ನು ಸಂಭಾಳಿಸುವುದು ತಲೆನೋವು. ಎರಡರ ಗಡಿಯಾರವೂ ಬೇರೆಬೇರೆ, ಗಂಟೆಗಟ್ಟಲೆ ನಡೆದರೆ ದನಿಗಳು ಒಂದರಿಂದ ಒಂದು ಜರುಗಬಹುದು. ಎರಡು ಇನ್‌ಪುಟ್ ಇರುವ ಇಂಟರ್‌ಫೇಸ್, ಎರಡು ಎಕ್ಸ್ಎಲ್ಆರ್ ಮೈಕ್. ಇದೇ ನೆಮ್ಮದಿ.

ಶೂರ್ ಎಸ್ಎಂ7ಬಿ ಎಲ್ಲರ ವಿಡಿಯೋದಲ್ಲೂ ಕಾಣುತ್ತದೆ, ಆಸೆಯಾಗುವುದು ಸಹಜ. ತುಂಬಾ ಒಳ್ಳೆಯ ಮೈಕ್. ಆದರೆ ಅದರಿಂದ ಬರುವ ಸಿಗ್ನಲ್ ಬಹಳ ಸಣ್ಣದು, ಮಾತಿಗೆ ಸುಮಾರು 60 ಡೆಸಿಬಲ್ ಗೇನ್ ಬೇಕಾಗುತ್ತದೆ. ಅಷ್ಟು ಗೇನ್ ಅನ್ನು ಹಿಸ್ ಸದ್ದಿಲ್ಲದೆ ಕೊಡುವ ಇಂಟರ್‌ಫೇಸ್ ಇಲ್ಲದಿದ್ದರೆ 'ಇಷ್ಟು ದೊಡ್ಡ ಮೈಕ್ ತಂದರೂ ದನಿಯೇ ಇಲ್ಲ' ಅಂತ ಆಗುತ್ತದೆ. ಕೊಳ್ಳುವ ಮುಂಚೆ ನಿಮ್ಮ ಇಂಟರ್‌ಫೇಸ್‌ನ ಗೇನ್ ಎಷ್ಟಿದೆ ಅಂತ ನೋಡಿಕೊಳ್ಳಿ.

ಫೋನಿನಿಂದ ಲೈವ್ ಮಾಡುವವರು ಪಿನ್ ಗಮನಿಸಿ. 3.5 ಮಿಲಿಮೀಟರ್ ಪಿನ್ನಿನ ಮೇಲೆ ಮೂರು ಉಂಗುರದ ಗೆರೆ ಇದ್ದರೆ ಅದು ಫೋನಿನದು, ಎರಡೇ ಇದ್ದರೆ ಕ್ಯಾಮೆರಾದ್ದು. ಕ್ಯಾಮೆರಾದ ಪಿನ್ನನ್ನು ಫೋನಿಗೆ ನೇರ ಸಿಕ್ಕಿಸಿದರೆ ಸಾಮಾನ್ಯವಾಗಿ ಫೋನ್ ಅದನ್ನು ಮೈಕ್ ಎಂದು ಗುರುತಿಸುವುದಿಲ್ಲ, ತನ್ನದೇ ಮೈಕ್ ಬಳಸುತ್ತಾ ಹೋಗುತ್ತದೆ. ನಡುವೆ ಅಡಾಪ್ಟರ್ ಬೇಕು.

ಬ್ಲೂಟೂತ್ ಇಯರ್‌ಫೋನಿನ ಮೈಕ್ ಮಾತ್ರ ಬೇಡ. ಹಾಡು ಕೇಳುವಾಗ ಚೆನ್ನಾಗಿರುವ ಅದು, ಮೈಕ್ ಶುರುವಾದ ತಕ್ಷಣ ಫೋನ್ ಕರೆಯ ಮೋಡ್‌ಗೆ ಇಳಿಯುತ್ತದೆ. ಆಗ ದನಿಯ ಸ್ಯಾಂಪಲ್ ರೇಟ್ (ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತದೆ ಅನ್ನೋದು) ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್ ಅಷ್ಟೆ. ವಿಡಿಯೋಗೆ ನಾವು ಬಳಸುವುದು 48. ದನಿ ಮಂಕಾಗುವುದಕ್ಕೆ ಕಾರಣ ಇದೇ.

ಇಷ್ಟರ ಮೇಲೆ ಮೈಕ್‌ನಲ್ಲೇ ಹೆಡ್‌ಫೋನ್ ಸಿಕ್ಕಿಸುವ ಜಾಗ ಇದೆಯಾ, ಮ್ಯೂಟ್ ಗುಂಡಿ ಒತ್ತಿದರೆ 'ಟಕ್' ಅನ್ನುತ್ತದಾ, ಸ್ಟ್ಯಾಂಡ್‌ಗೆ ಬಿಗಿಯುವ ತಿರುಪು 5/8 ಇಂಚೋ 3/8 ಇಂಚೋ ಅಂತ ನೋಡಿ. ತಿರುಪು ಹೊಂದದಿದ್ದರೆ ಸಣ್ಣ ಅಡಾಪ್ಟರ್ ಉಂಗುರ ಸಿಗುತ್ತದೆ, ಗಾಬರಿ ಬೇಡ.

ಮೈಕ್ ಇಡುವ ಜಾಗ

ಮೈಕ್ ಬಂತು. ಮೊದಲು ಅದರ ಮುಖ ಎಲ್ಲಿದೆ ಅಂತ ತಿಳಿದುಕೊಳ್ಳಿ. ಕೆಲವಕ್ಕೆ ತುದಿಯಿಂದ ಮಾತಾಡಬೇಕು, ವೇದಿಕೆಯ ಮೈಕ್‌ನ ಹಾಗೆ. ಕೆಲವಕ್ಕೆ ಪಕ್ಕದಿಂದ. ಬ್ಲೂ ಯೇಟಿ ಪಕ್ಕದಿಂದ ಮಾತಾಡುವ ಮೈಕ್, ಅದರ ಹೆಸರಿನ ಗುರುತು ಇರುವ ಕಡೆಯೇ ಮುಖ. ಎಷ್ಟೋ ಜನ ಅದನ್ನು ಬಾಯಿಯ ಕಡೆ ವಾಲಿಸಿ ನೆತ್ತಿಗೆ ಮಾತಾಡುತ್ತಾರೆ. ಮೈಕ್ ಕೆಟ್ಟದು ಅಂತ ಬೈಯುವ ಮೊದಲು ಇದೊಂದನ್ನು ನೋಡಿ.

ಈಗ ದೂರ. ಡೈನಮಿಕ್ ಆದರೆ ಬಾಯಿಯಿಂದ ನಾಲ್ಕು ಬೆರಳಿನಿಂದ ಅರ್ಧ ಗೇಣಿನಷ್ಟು. ಕಂಡೆನ್ಸರ್ ಆದರೆ ಅರ್ಧ ಗೇಣಿನಿಂದ ಒಂದು ಗೇಣು. ಕೈಯಿಂದಲೇ ಅಳೆಯಿರಿ, ಪ್ರತಿ ಲೈವ್‌ಗೂ ಒಂದೇ ಅಳತೆ ಸಿಗುತ್ತದೆ. ದೂರ ಎರಡು ಪಟ್ಟಾದರೆ ಮೈಕ್‌ಗೆ ಸೇರುವ ನಿಮ್ಮ ದನಿ 6 ಡೆಸಿಬಲ್ ಇಳಿಯುತ್ತದೆ, ಆದರೆ ಕೋಣೆಯ ಪ್ರತಿಧ್ವನಿ ಹೆಚ್ಚೂಕಮ್ಮಿ ಹಾಗೇ ಉಳಿಯುತ್ತದೆ. ನೀವು ಗೇನ್ ಏರಿಸಿ ದನಿಯನ್ನು ಸರಿದೂಗಿಸಿದಾಗ ಕೋಣೆಯೂ ಜೊತೆಗೆ ಏರುತ್ತದೆ. ದೂರದ ದನಿಯನ್ನು ಫಿಲ್ಟರ್ ಹಾಕಿ ಹತ್ತಿರ ತರಲು ಆಗದೇ ಇರುವುದು ಇದಕ್ಕೇ.

ಹತ್ತಿರ ಬಂದಾಗ ಎರಡು ವಿಷಯ ಆಗುತ್ತದೆ. ಒಂದು, ದನಿಯಲ್ಲಿ ತಗ್ಗು ಸ್ವರ ಏರಿ ದನಿ ದಪ್ಪಗೆ ಕೇಳಿಸುತ್ತದೆ. ರೇಡಿಯೋದವರ ದನಿಗೆ ಬರುವ ಗಾಂಭೀರ್ಯದಲ್ಲಿ ಇದರದ್ದೂ ಪಾಲಿದೆ. ಅತಿಯಾದರೆ ಮಾತು ಗುಡುಗುಡು ಅನ್ನಿಸುತ್ತದೆ, ಆಗ ಎರಡು ಬೆರಳು ಹಿಂದೆ ಸರಿಯಿರಿ. ಇನ್ನೊಂದು, ಪ, ಫ, ಬ, ಭ ಅನ್ನುವಾಗ ಬಾಯಿಂದ ಹೊರಡುವ ಗಾಳಿ ಪೊರೆಗೆ ಬಡಿದು 'ಧಪ್' ಅನ್ನುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಪುಟ್ಟ ಪಾಪು ಭಯಪಟ್ಟು ಬಾಗಿಲ ಬಳಿ ಬಂತು" ಅನ್ನಿ, ಗಾಳಿ ಎಲ್ಲಿ ಬಡಿಯುತ್ತದೆ ಅಂತ ಗೊತ್ತಾಗುತ್ತದೆ. ಈಗ ಕೈಯನ್ನು ಬಾಯಿಯ ಮೂಲೆಯ ಕಡೆ ಸರಿಸಿ ಮತ್ತೆ ಹೇಳಿ. ಗಾಳಿ ತಾಗುವುದಿಲ್ಲ, ದನಿ ಮಾತ್ರ ಬರುತ್ತದೆ. ಮೈಕ್ ಇರಬೇಕಾದದ್ದು ಅಲ್ಲೇ. ಬಾಯಿಯ ನೇರಕ್ಕೆ ಬಿಟ್ಟು ಸ್ವಲ್ಪ ಪಕ್ಕಕ್ಕೆ, ಮುಖ ಮಾತ್ರ ಬಾಯಿಯ ಕಡೆ ತಿರುಗಿರಲಿ. ಬಾಯಿಯ ಗಾಳಿ ತಡೆಯುವ ಪಾಪ್ ಫಿಲ್ಟರ್ ಇದ್ದರೆ ಮೈಕ್ ಮುಂದೆ ಹಾಕಿ, ಒಳ್ಳೆಯದೇ, ಆದರೆ ಈ ಓರೆ ಮಾಡುವ ಉಪಾಯ ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. 'ಸ', 'ಶ' ಚುಚ್ಚುವ ಹಾಗಿದ್ದರೂ ಇದರಿಂದಲೇ ಸ್ವಲ್ಪ ಮೆತ್ತಗಾಗುತ್ತದೆ.

ಮೇಜಿನ ಮೇಲಿಡುವ ಗಿಡ್ಡ ಸ್ಟ್ಯಾಂಡ್ ನನಗೆ ಇಷ್ಟವಿಲ್ಲ. ಅದರಲ್ಲಿ ಮೈಕ್ ಯಾವಾಗಲೂ ದೂರವೇ ಉಳಿಯುತ್ತದೆ, ಇಲ್ಲವೇ ನೀವು ಬಗ್ಗಿ ಕೂರಬೇಕಾಗುತ್ತದೆ. ಮೇಜಿಗೆ ಬಿಗಿಯುವ ಬೂಮ್ ಆರ್ಮ್ (ಮೈಕ್ ಹಿಡಿಯುವ ಉದ್ದನೆಯ ತೋಳು) ಇದ್ದರೆ ಮೈಕ್ ನಿಮ್ಮ ಹತ್ತಿರ ಬರುತ್ತದೆ, ಬೆನ್ನು ನೆಟ್ಟಗಿರುತ್ತದೆ. ಕ್ಯಾಮೆರಾಗೆ ಮುಖ ಅಡ್ಡವಾಗಬಾರದು ಅಂದರೆ ಕೆಳಗಿನಿಂದ ಎದೆಯ ಮಟ್ಟದಲ್ಲಿ ತಂದು ಗಲ್ಲದ ಕೆಳಗೆ ನಿಲ್ಲಿಸಿ. ಗಿಡ್ಡ ಸ್ಟ್ಯಾಂಡೇ ಇರುವುದಾದರೆ ನಾಲ್ಕಾರು ದಪ್ಪ ಪುಸ್ತಕದ ಮೇಲೆ ಇಟ್ಟು, ನಡುವೆ ಮಡಿಸಿದ ಟವೆಲ್ ಹಾಕಿ. ಮೇಜು ತಟ್ಟಿದ ಸದ್ದು, ಕೀಬೋರ್ಡ್ ಕುಟ್ಟಿದ ಸದ್ದು ಟವೆಲ್‌ನಲ್ಲಿ ಒಂದಿಷ್ಟು ಇಂಗುತ್ತದೆ. ಕೀಬೋರ್ಡ್, ಫ್ಯಾನ್, ಕಂಪ್ಯೂಟರ್ ಇವೆಲ್ಲ ಮೈಕ್‌ನ ಕಿವುಡು ದಿಕ್ಕಿಗೆ ಬರುವ ಹಾಗೆ ಮೈಕ್ ತಿರುಗಿಸಿ.

ಸಿಕ್ಕಿಸುವುದು, ಕಂಪ್ಯೂಟರ್‌ಗೆ ತಿಳಿಸುವುದು

ಯುಎಸ್‌ಬಿ ಮೈಕ್ ಅನ್ನು ಹಬ್‌ಗೆ ಹಾಕದೆ ಕಂಪ್ಯೂಟರ್‌ಗೇ ನೇರ ಹಾಕಿ. ಎಕ್ಸ್ಎಲ್ಆರ್ ಕಂಡೆನ್ಸರ್ ಆದರೆ ಕೇಬಲ್ ಸಿಕ್ಕಿಸಿ, ಗೇನ್ ಪೂರ್ತಿ ಇಳಿಸಿ, ಆಮೇಲೆ ಮೈಕ್‌ಗೆ ಕರೆಂಟು ಕೊಡಲು ಇಂಟರ್‌ಫೇಸ್‌ನ 48 ವೋಲ್ಟ್‌ನ ಗುಂಡಿ ಒತ್ತಿ. ಡೈನಮಿಕ್‌ಗೆ ಅದು ಬೇಡ.

ವಿಂಡೋಸ್ ಆದರೆ ಪ್ರೈವಸಿ ಸೆಟ್ಟಿಂಗ್‌ನಲ್ಲಿ ಆ್ಯಪ್‌ಗಳಿಗೆ ಮೈಕ್ ಬಳಸಲು ಅನುಮತಿ ಇದೆಯಾ ನೋಡಿ. ಸೌಂಡ್ ಸೆಟ್ಟಿಂಗ್‌ನಲ್ಲಿ ಆ ಮೈಕ್ ತೆರೆದು 'ಎನ್‌ಹಾನ್ಸ್‌ಮೆಂಟ್' ಅನ್ನುವುದೆಲ್ಲಾ ತೆಗೆದುಹಾಕಿ, ಸ್ಯಾಂಪಲ್ ರೇಟ್ 48000 ಹರ್ಟ್ಸ್‌ಗೆ ಇಡಿ. ಮ್ಯಾಕ್‌ನಲ್ಲಿ ಇದೇ ಕೆಲಸಕ್ಕೆ ಆಡಿಯೋ ಮಿಡಿ ಸೆಟಪ್ ಇದೆ, ಅನುಮತಿ ಅಲ್ಲೂ ಕೊಡಬೇಕು. ಒಬಿಎಸ್‌ನಲ್ಲೂ ಅದೇ 48 ಇರಲಿ. ಎರಡು ಕಡೆ ಬೇರೆಬೇರೆ ಇದ್ದರೆ ಕೆಲವೊಮ್ಮೆ ಚಟಪಟ ಸದ್ದು ಬರುತ್ತದೆ.

ಇನ್ನು ಒಬಿಎಸ್. ಸೆಟ್ಟಿಂಗ್ಸ್‌ನಲ್ಲಿ ಆಡಿಯೋಗೆ ಹೋಗಿ ಮೈಕ್ ಜಾಗದಲ್ಲಿ 'ಡಿಫಾಲ್ಟ್' ಅಂತ ಬಿಡಬೇಡಿ, ನಿಮ್ಮ ಮೈಕ್‌ನ ಹೆಸರನ್ನೇ ಆರಿಸಿ. ನನ್ನ ಒಂದೂವರೆ ಗಂಟೆ ಹಾಳಾದದ್ದು ಇಲ್ಲೇ. ಉಳಿದ ಮೈಕ್‌ಗಳನ್ನೆಲ್ಲ ಮ್ಯೂಟ್ ಮಾಡಿ ಅಥವಾ ತೆಗೆದುಬಿಡಿ. ವೆಬ್‌ಕ್ಯಾಮ್‌ನಲ್ಲೂ ಒಂದು ಮೈಕ್ ಇರುತ್ತದೆ, ಅದು ಸುಮ್ನೆ ಜೊತೆಗೆ ಸೇರಿಕೊಂಡಿರುತ್ತದೆ. ಒಂದೇ ಮೈಕ್ ಅನ್ನು ಸೆಟ್ಟಿಂಗ್ಸ್‌ನಲ್ಲೂ ಹಾಕಿ, ಸೀನ್‌ನಲ್ಲೂ ಮತ್ತೆ ಸೇರಿಸಿದರೆ ದನಿ ಕೊಳವೆಯೊಳಗಿಂದ ಬಂದ ಹಾಗೆ ಆಗುತ್ತದೆ.

ಇಂಟರ್‌ಫೇಸ್ ಬಳಸುವವರಿಗೆ ಇನ್ನೊಂದು. ದನಿ ಎಡಗಿವಿಯಲ್ಲಿ ಮಾತ್ರ ಬರುತ್ತಿದ್ದರೆ ಏನೂ ಕೆಟ್ಟಿಲ್ಲ. ಮೊದಲ ಇನ್‌ಪುಟ್ ಅನ್ನು ಒಬಿಎಸ್ ಎಡಗಡೆ ಎಂದುಕೊಂಡಿದೆ ಅಷ್ಟೆ. ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್ ತೆರೆದು 'ಮೊನೊ'ಗೆ ಟಿಕ್ ಹಾಕಿ.

ಗೇನ್

ಗೇನ್ ಅಂದರೆ ವಾಲ್ಯೂಮ್ ಅಂತ ತಿಳಿಯಬೇಡಿ. ಮೈಕ್‌ನಿಂದ ಬಂದ ಸಣ್ಣ ಸಿಗ್ನಲ್ ಅನ್ನು ಕಂಪ್ಯೂಟರ್‌ಗೆ ಕೊಡುವ ಮೊದಲು ಎಷ್ಟು ಹಿಗ್ಗಿಸಬೇಕು ಅನ್ನುವುದು ಗೇನ್. ಅಲ್ಲಿ ಸೌಂಡ್ ಒಡೆದರೆ ಮುಂದೆ ಎಲ್ಲಿ ವಾಲ್ಯೂಮ್ ಇಳಿಸಿದರೂ ಒಡೆದ ದನಿಯೇ ಸಣ್ಣಗೆ ಕೇಳಿಸುತ್ತದೆ.

ಮಾಡುವುದು ಹೀಗೆ. ಒಬಿಎಸ್‌ನ ಸ್ಲೈಡರ್ ಅನ್ನು 0 ಡಿಬಿಯಲ್ಲಿ (ಡಿಬಿ ಅಂದರೆ ಡೆಸಿಬಲ್) ಬಿಡಿ, ಫಿಲ್ಟರ್ ಯಾವುದೂ ಬೇಡ. ಮೈಕ್ ಅಥವಾ ಇಂಟರ್‌ಫೇಸ್‌ನ ಗೇನ್ ಕೆಳಗಿನಿಂದ ಶುರು ಮಾಡಿ. ಲೈವ್‌ನ ದನಿಯಲ್ಲೇ ಮಾತಾಡಿ. ಪರೀಕ್ಷೆ ಮಾಡುವಾಗ ನಾವೆಲ್ಲ ಮೆತ್ತಗೆ "ಹಲೋ, ಹಲೋ" ಅನ್ನುತ್ತೇವೆ, ಲೈವ್‌ನಲ್ಲಿ ಉತ್ಸಾಹ ಬಂದಾಗ ದನಿ ಎಲ್ಲೋ ಹೋಗುತ್ತದೆ. ಅದಕ್ಕೇ ಒಂದು ಕತೆ ಹೇಳಿ, ಜೋರಾಗಿ ನಗಿ, ಆಟದಲ್ಲಿ ಗೆದ್ದ ಹಾಗೆ ಕೂಗಿ. ಒಬಿಎಸ್‌ನ ಮೀಟರ್ -20ರವರೆಗೆ ಹಸಿರು, ಅಲ್ಲಿಂದ -9ರವರೆಗೆ ಹಳದಿ, ಆಮೇಲೆ ಕೆಂಪು. ಸಾಮಾನ್ಯ ಮಾತು ಹಳದಿಯಲ್ಲಿ ಆಡುತ್ತಿರಲಿ, ಜೋರು ಮಾತು -10ರ ಆಸುಪಾಸಿಗೆ ಬಂದು ಹೋಗಲಿ, ಕೂಗು ಮತ್ತು ನಗು ಕೆಂಪನ್ನು ಮುಟ್ಟಿದರೂ 0ಯನ್ನು ಮುಟ್ಟಬಾರದು.

ಯುಎಸ್‌ಬಿ ಮೈಕ್‌ನಲ್ಲಿ ಗುಂಡಿ ಒಂದು, ವಿಂಡೋಸ್‌ನ ಇನ್‌ಪುಟ್ ಸ್ಲೈಡರ್ ಇನ್ನೊಂದು. ಕೆಲವು ಮೈಕ್‌ಗಳಲ್ಲಿ ಎರಡೂ ಒಂದನ್ನೇ ತಿರುಗಿಸುತ್ತವೆ, ಕೆಲವದರಲ್ಲಿ ಬೇರೆಬೇರೆ. ಒಂದು ಕಡೆ ಗೊತ್ತು ಮಾಡಿಕೊಂಡು ಅಲ್ಲೇ ತಿರುಗಿಸಿ, ಇನ್ನೊಂದನ್ನು ಮುಟ್ಟಬೇಡಿ. ಮೀಟಿಂಗ್ ಆ್ಯಪ್‌ಗಳು ಈ ಮಟ್ಟವನ್ನು ತಾವೇ ಬದಲಿಸಿಬಿಡುತ್ತವೆ, ಲೈವ್‌ಗೆ ಮುಂಚೆ ಅವನ್ನು ಮುಚ್ಚಿ.

ಫಿಲ್ಟರ್‌ಗಳು, ಎಷ್ಟು ಬೇಕೋ ಅಷ್ಟೇ

ಒಬಿಎಸ್‌ನಲ್ಲಿ ಫಿಲ್ಟರ್‌ಗಳು ಮೇಲಿನಿಂದ ಕೆಳಗೆ ಒಂದಾದ ಮೇಲೊಂದು ಕೆಲಸ ಮಾಡುತ್ತವೆ, ಹಾಗಾಗಿ ಸಾಲು ಮುಖ್ಯ. ಮೊದಲು ಹಿನ್ನೆಲೆ ಸದ್ದು ತಗ್ಗಿಸುವ ನಾಯ್ಸ್ ಸಪ್ರೆಷನ್, ಆಮೇಲೆ ಕಂಪ್ರೆಸರ್, ಕೊನೆಗೆ ಲಿಮಿಟರ್.

ನಾಯ್ಸ್ ಸಪ್ರೆಷನ್‌ನಲ್ಲಿ ಆರ್‌ಎನ್‌ನಾಯ್ಸ್ ಎಂಬ ಆಯ್ಕೆ ಮಾತಿಗೆ ಚೆನ್ನಾಗಿದೆ. ಆದರೆ ಅದಕ್ಕೆ ಗೊತ್ತಿರುವುದು ಮಾತು ಮಾತ್ರ. ಕೊಳಲೋ ವೀಣೆಯೋ ಬಾರಿಸಿದರೆ ಅದನ್ನೂ ಗಲಾಟೆ ಅಂದುಕೊಂಡು ತಿಂದುಹಾಕುತ್ತದೆ. ಹಾಡು, ವಾದ್ಯ ಇರುವ ಲೈವ್‌ನಲ್ಲಿ ಇದನ್ನು ತೆಗೆಯಿರಿ.

ಕಂಪ್ರೆಸರ್ ಜೋರು ಮಾತನ್ನು ತಗ್ಗಿಸಿ ಮೆತ್ತಗಿನ ಮಾತಿನ ಹತ್ತಿರ ತರುತ್ತದೆ. ಒಬಿಎಸ್ ಅದನ್ನು 10:1 ಅನುಪಾತದಲ್ಲಿ ಕೊಡುತ್ತದೆ, ಮಾತಿಗೆ ಅದು ಜಾಸ್ತಿಯಾಯಿತು. 3:1ಕ್ಕೆ ಇಳಿಸಿ, ಥ್ರೆಶೋಲ್ಡ್ (ತಗ್ಗಿಸುವುದು ಶುರುವಾಗುವ ಮಟ್ಟ) -18ರಲ್ಲಿಟ್ಟು ಕೇಳಿ, ಒಟ್ಟು ದನಿ ಸಣ್ಣದಾದರೆ ಔಟ್‌ಪುಟ್ ಗೇನ್‌ನಲ್ಲಿ ಎರಡು ಮೂರು ಡಿಬಿ ಏರಿಸಿ. ಲಿಮಿಟರ್ ಅನ್ನು -3ರಲ್ಲಿ ಇಟ್ಟುಬಿಡಿ, ಅದು ಅಚಾನಕ್ ಕೂಗಿಗೆ ತಡೆಗೋಡೆ.

ನಾಯ್ಸ್ ಗೇಟ್ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕನ್ನಡದಲ್ಲಿ ಮಾತಾಡುವವರು ಅದನ್ನು ಹಾಕದೇ ಇರುವುದು ಒಳ್ಳೆಯದು. ಗೇಟ್ ಅಂದರೆ ದನಿ ಒಂದು ಮಟ್ಟಕ್ಕಿಂತ ಕೆಳಗಿಳಿದ ತಕ್ಷಣ ಬಾಗಿಲು ಮುಚ್ಚುವ ಫಿಲ್ಟರ್. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಗೆ, ಇಲ್ಲ, ಅಲ್ಲ, ಬೇಡ ಬರುವುದೂ ಕೊನೆಗೆ. ಉಸಿರು ಇಳಿಯುವುದೂ ಅಲ್ಲೇ. "ಈ ಸೆಟ್ಟಿಂಗ್ ಸರಿ ಇಲ್ಲ" ಅಂದದ್ದು ನೋಡುವವರಿಗೆ "ಈ ಸೆಟ್ಟಿಂಗ್ ಸರಿ" ಎಂದು ಕೇಳಿಸಿದರೆ ಮಾತು ತಲೆಕೆಳಗಾಗುತ್ತದೆ, ಅಲ್ವಾ? ಹಾಕಲೇಬೇಕಾದರೆ ಮುಚ್ಚುವ ಮಟ್ಟವನ್ನು ತುಂಬಾ ಕೆಳಗೆ ಇಡಿ, ಹೋಲ್ಡ್ ಸಮಯ (ದನಿ ಇಳಿದ ಮೇಲೂ ಬಾಗಿಲು ತೆರೆದಿರುವ ಹೊತ್ತು) ಹೆಚ್ಚಿಸಿ, ರೆಕಾರ್ಡ್ ಮಾಡಿ ವಾಕ್ಯಗಳ ಬಾಲವನ್ನೇ ಗಮನವಿಟ್ಟು ಕೇಳಿ.

ತುಟಿಗೂ ಮಾತಿಗೂ ತಾಳೆ

ಕ್ಯಾಮೆರಾದ ಚಿತ್ರ ಕಂಪ್ಯೂಟರ್ ಸೇರಲು ದನಿಗಿಂತ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತದೆ. ಹಾಗಾಗಿ ಮಾತು ಮೊದಲು, ತುಟಿ ಆಮೇಲೆ. ಕ್ಯಾಮೆರಾ ಮುಂದೆ ಒಂದು ಚಪ್ಪಾಳೆ ತಟ್ಟಿ ರೆಕಾರ್ಡ್ ಮಾಡಿ. ಯಾವುದಾದರೂ ವಿಡಿಯೋ ಎಡಿಟರ್‌ನಲ್ಲಿ ತೆರೆದು, ಸದ್ದು ಬಂದ ಎಷ್ಟು ಫ್ರೇಮ್ ನಂತರ ಅಂಗೈಗಳು ಸೇರಿದವು ಅಂತ ಎಣಿಸಿ. ಸೆಕೆಂಡಿಗೆ 30 ಫ್ರೇಮ್ ಆದರೆ ಒಂದು ಫ್ರೇಮ್ ಸುಮಾರು 33 ಮಿಲಿಸೆಕೆಂಡ್. ಮೂರು ಫ್ರೇಮ್ ವ್ಯತ್ಯಾಸ ಇದ್ದರೆ ಒಬಿಎಸ್‌ನ ಅಡ್ವಾನ್ಸ್ಡ್ ಆಡಿಯೋ ಪ್ರಾಪರ್ಟೀಸ್‌ನಲ್ಲಿ ಮೈಕ್‌ನ ಸಿಂಕ್ ಆಫ್‌ಸೆಟ್‌ಗೆ 100 ಎಂದು ಹಾಕಿ. ಮತ್ತೆ ಚಪ್ಪಾಳೆ ತಟ್ಟಿ ನೋಡಿ.

ಅತಿಥಿಗಳು ಆನ್‌ಲೈನ್‌ನಲ್ಲಿ ಸೇರುವುದಿದ್ದರೆ ನೀವೂ ಅವರೂ ಹೆಡ್‌ಫೋನ್ ಹಾಕಲೇಬೇಕು. ಸ್ಪೀಕರ್‌ನಿಂದ ಹೊರಟ ದನಿ ಮೈಕ್‌ಗೆ ಮತ್ತೆ ಹೋಗಿ ಎಲ್ಲರ ಮಾತೂ ಎರಡೆರಡು ಸಲ ಕೇಳಿಸುತ್ತದೆ. ಲೈವ್ ನಡೆಯುತ್ತಿರುವ ಪುಟವನ್ನು ಅದೇ ಕಂಪ್ಯೂಟರ್‌ನಲ್ಲಿ ತೆರೆದಿದ್ದರೆ ಅದನ್ನೂ ಮ್ಯೂಟ್ ಮಾಡಿ.

ಶುರು ಮಾಡುವ ಮುನ್ನ

ಹಿಂದಿನ ದಿನವೇ ಯಾರಿಗೂ ಕಾಣದ ಹಾಗೆ ಪ್ರೈವೇಟ್ ಆಗಿ ಹತ್ತು ನಿಮಿಷ ಲೈವ್ ಮಾಡಿ ನೋಡಿ. ಯೂಟ್ಯೂಬ್‌ನಲ್ಲಿ ಮೊದಲ ಸಲ ಲೈವ್ ಸೌಲಭ್ಯ ಸಿಗಲು 24 ಗಂಟೆವರೆಗೆ ಕಾಯಬೇಕಾಗಬಹುದು, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಆ ರೆಕಾರ್ಡಿಂಗ್ ಅನ್ನು ಇಯರ್‌ಫೋನ್‌ನಲ್ಲಿ ಒಮ್ಮೆ, ಫೋನಿನ ಸ್ಪೀಕರ್‌ನಲ್ಲಿ ಒಮ್ಮೆ ಕೇಳಿ. ಫೋನಿನಲ್ಲಿ ನೋಡುವವರೂ ಬಹಳ ಜನ ಇರುತ್ತಾರೆ.

ಲೈವ್ ದಿನ, ಗುಂಡಿ ಒತ್ತುವ ಮುಂಚೆ, ಮೈಕ್‌ನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಒಬಿಎಸ್‌ನ ಮೀಟರ್ ಜಿಗಿದರೆ ಸರಿಯಾದ ಮೈಕ್ ಆಯ್ಕೆಯಾಗಿದೆ. ಮೀಟರ್ ಸುಮ್ಮನಿದ್ದು ಮಾತಿಗೆ ಮಾತ್ರ ಅಲುಗುತ್ತಿದ್ದರೆ ಬೇರೆ ಯಾವುದೋ ಮೈಕ್ ಕೇಳಿಸಿಕೊಳ್ಳುತ್ತಿದೆ. ಎರಡು ಸೆಕೆಂಡಿನ ಕೆಲಸ. ಊದಿ ನೋಡಬೇಡಿ, ಪೊರೆಗೆ ಒಳ್ಳೆಯದಲ್ಲ.

ಶುರುವಾದ ಮೇಲೆ ಚಾಟ್ ಅನ್ನು ಕಣ್ಣಿಗೆ ಕಾಣುವ ಕಡೆ ಇಟ್ಟುಕೊಳ್ಳಿ. "ದನಿ ಕೇಳಿಸ್ತಿದೆಯಾ?" ಅಂತ ಕೇಳಿದರೆ ಎಲ್ಲರೂ "ಹೌದು" ಅನ್ನುತ್ತಾರೆ, ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳಿಸುತ್ತಿದ್ದರೂ ಅದು ಹೌದೇ ತಾನೆ. ನಾನೀಗ "ನಾನು ಹತ್ತಿರ ಕೂತು ಮಾತಾಡಿದ ಹಾಗಿದೆಯಾ, ದೂರದಿಂದ ಕೇಳಿಸ್ತಿದೆಯಾ?" ಎಂದು ಕೇಳುತ್ತೇನೆ, ಎರಡು ಮೂರು ಉತ್ತರ ಬರುವವರೆಗೆ ವಿಷಯ ಶುರು ಮಾಡುವುದಿಲ್ಲ.